ಬೇಸಿಗೆ ರಜೆಯ ಮಿಷನರಿಗಳು

1957ರ ಬೇಸಿಗೆಯಲ್ಲಿ ಅಮೆರಿಕದ ಮೂವರು ಕಾಲೇಜು ಹುಡುಗರು ಹಳೆಯ ಟ್ರಕ್ಕೊಂದಕ್ಕೆ ಸ್ಪ್ಯಾನಿಷ್ ಭಾಷೆಯ ಧಾರ್ಮಿಕ ಪುಸ್ತಕಗಳನ್ನು ಹೇರಿಕೊಂಡು ಮೆಕ್ಸಿಕೊ ಗಡಿ ದಾಟಿದರು. ಖರ್ಚಿಗೆ ತಮ್ಮ ಕೆಲವು ಸಾಮಾನುಗಳನ್ನೇ ಮಾರಿದ್ದರು. ಅವರಲ್ಲಿ ಮುಂದಾಳು ಜಾರ್ಜ್ ವರ್ವರ್. ಟೆನೆಸಿಯ ಮೇರಿವಿಲ್ ಕಾಲೇಜಿನ ವಿದ್ಯಾರ್ಥಿ. ಆ ಜುಲೈ 3ಕ್ಕೆ ಅವನಿಗೆ ಹತ್ತೊಂಬತ್ತು ತುಂಬಿತು. ಜೊತೆಗಿದ್ದವರು ಡೇಲ್ ರೋಟನ್ ಮತ್ತು ವಾಲ್ಟರ್ ಬೋರ್ಚರ್ಡ್. ಇವರನ್ನು ಯಾವ ಚರ್ಚೂ ನೇಮಿಸಿ ಕಳಿಸಿರಲಿಲ್ಲ. ಮೂವರಲ್ಲಿ ಯಾರೂ ಪಾದ್ರಿಯಲ್ಲ. ರಜೆ ಮುಗಿದ ಮೇಲೆ ವಾಪಸು ಬಂದು ತರಗತಿಯಲ್ಲಿ ಕೂರಬೇಕಾದವರು.

ವರ್ವರ್ ಕ್ರೈಸ್ತನಾದ ಕಥೆಯೂ ಆ ಕಾಲದ ಅಮೆರಿಕಕ್ಕೆ ತಕ್ಕಂತೆಯೇ ಇದೆ. ನ್ಯೂಜೆರ್ಸಿಯ ಅವನ ಹೈಸ್ಕೂಲಿನ ಬಳಿ ಡೊರೊತಿಯಾ ಕ್ಲ್ಯಾಪ್ ಎಂಬ ಗೃಹಿಣಿ ವಾಸವಾಗಿದ್ದಳು. ಆ ಶಾಲೆಯ ಮಕ್ಕಳಿಗಾಗಿ ವರ್ಷಗಟ್ಟಲೆ ಪ್ರಾರ್ಥನೆ ಮಾಡುತ್ತಿದ್ದವಳು. ಆಕೆ ಅವನಿಗೆ ಯೋಹಾನನ ಸುವಾರ್ತೆಯ ಪುಟ್ಟ ಪ್ರತಿಯೊಂದನ್ನು ಅಂಚೆಯಲ್ಲಿ ಕಳಿಸಿದಳು. 1955ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಿಲ್ಲಿ ಗ್ರಹಾಂ ಅವರ ಸಭೆಗೆ ಹೋದ ಹುಡುಗ ಬೇರೆಯೇ ಮನುಷ್ಯನಾಗಿ ಹೊರಬಂದ. ಒಂದು ಪುಸ್ತಕ ಅಂಚೆಯಲ್ಲಿ ಬಂದು ತನ್ನ ಬದುಕನ್ನು ತಿರುಗಿಸಿತಲ್ಲ, ಹಾಗಾದರೆ ಪುಸ್ತಕ ಸಿಗದ ಕಡೆಗೆ ತಾನೇ ಒಯ್ದು ಕೊಡಬೇಕು. ಹದಿನೆಂಟರ ಹುಡುಗನ ಲೆಕ್ಕ ಇಷ್ಟು ಸರಳವಾಗಿತ್ತು.

ಆ ಬೇಸಿಗೆ ಮುಗಿಯಿತು. ಆದರೆ ಅವನ ತಲೆಗೆ ಹತ್ತಿದ ಹುಚ್ಚು ಇಳಿಯಲಿಲ್ಲ. ಮತ್ತೆ ಮೆಕ್ಸಿಕೊ, 1960ರಲ್ಲಿ ಮದುವೆಯಾದ ಕೂಡಲೇ ಹೆಂಡತಿಯೊಂದಿಗೆ ಮತ್ತೆ ಮೆಕ್ಸಿಕೊ, ಅಲ್ಲಿಂದ ಫ್ರಾಂಕೋನ ಸ್ಪೇನ್, 1961ರಲ್ಲಿ ಸೋವಿಯತ್ ರಷ್ಯಾ. ರಷ್ಯಾದಲ್ಲಿ ಗೂಢಚಾರನೆಂಬ ಶಂಕೆಯ ಮೇಲೆ ಹಿಡಿದು ಗಡಿಯಾಚೆ ದಬ್ಬಿದರು. ಆ ಹೊತ್ತಿಗೆ ಹುಟ್ಟಿದ್ದು ‘ಆಪರೇಷನ್ ಮೊಬಿಲೈಸೇಶನ್’ ಎಂಬ ಸಂಸ್ಥೆ. 1963ರ ಬೇಸಿಗೆಯಲ್ಲಿ ಸುಮಾರು 2000 ತರುಣರು ಅದರ ಹೆಸರಿನಲ್ಲಿ ಯೂರೋಪಿನ ಊರೂರು ತಿರುಗಿದರು. ಕೆಲವು ತಂಡಗಳು ಲಾರಿಗಳಲ್ಲಿ ಟರ್ಕಿ, ಇರಾನ್ ಮಾರ್ಗವಾಗಿ ಇಂಡಿಯಾವರೆಗೂ ಬಂದವು. 1970ರಲ್ಲಿ ಅವರೊಂದು ಹಡಗನ್ನೇ ಕೊಂಡು ‘ಲೋಗೋಸ್’ ಎಂದು ಹೆಸರಿಟ್ಟು ಬಂದರಿನಿಂದ ಬಂದರಿಗೆ ಪುಸ್ತಕ ಮಾರುತ್ತ ಹೋದರು. ಆ ಹಡಗು 1988ರ ಜನವರಿಯಲ್ಲಿ ದಕ್ಷಿಣ ಅಮೆರಿಕದ ತುತ್ತತುದಿಯಲ್ಲಿ ಬಂಡೆಗೆ ಬಡಿದು ಹಾಳಾಯಿತು, ಹಡಗಿನಲ್ಲಿದ್ದವರೆಲ್ಲ ಬದುಕಿಕೊಂಡರು. ವರ್ವರ್ 2023ರಲ್ಲಿ ತೀರಿಕೊಂಡರು.

ಇಂದು ಅಮೆರಿಕದ ಚರ್ಚುಗಳಲ್ಲಿ ‘ಶಾರ್ಟ್ ಟರ್ಮ್ ಮಿಷನ್’ ಎಂದು ಕರೆಯುವ ಪದ್ಧತಿ, ಅಂದರೆ ರಜೆಯಲ್ಲಿ ವಿದೇಶಕ್ಕೆ ಹೋಗಿ ಎರಡು ವಾರವೋ ಎರಡು ತಿಂಗಳೋ ಸೇವೆ ಮಾಡಿ ಮರಳುವುದು, ಬೇರು ಬಿಟ್ಟದ್ದು ಈ ಕಾಲದಲ್ಲಿ. ವರ್ವರ್ ಒಬ್ಬನಿಂದಲೇ ಆದದ್ದಲ್ಲ. ಲೋರೆನ್ ಕನಿಂಗ್‌ಹ್ಯಾಮ್ 1960ರಲ್ಲಿ ‘ಯೂತ್ ವಿತ್ ಎ ಮಿಷನ್’ ಆರಂಭಿಸಿದ. ಅದಕ್ಕೂ ಮೊದಲು, 1958ರಲ್ಲಿ, ನ್ಯೂಯಾರ್ಕಿನ ಹಾರ್ಲೆಮ್‌ನ ಕಪ್ಪು ಪಾದ್ರಿ ಜೇಮ್ಸ್ ರಾಬಿನ್ಸನ್ ‘ಆಪರೇಷನ್ ಕ್ರಾಸ್‌ರೋಡ್ಸ್ ಆಫ್ರಿಕಾ’ ಹುಟ್ಟುಹಾಕಿ ಕರಿಯ-ಬಿಳಿಯ ವಿದ್ಯಾರ್ಥಿಗಳನ್ನು ಒಟ್ಟಿಗೆ ಪಶ್ಚಿಮ ಆಫ್ರಿಕಕ್ಕೆ ಕಳಿಸಿದ. ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಕರಿಯರು ಬಿಳಿಯರು ಒಂದೇ ಹೋಟೆಲಿನಲ್ಲಿ ಕೂತು ಉಣ್ಣಲಾಗದಿದ್ದ ದಿನಗಳವು. ಆ ಹುಡುಗರು ಆಫ್ರಿಕದ ಹಳ್ಳಿಯಲ್ಲಿ ಒಂದೇ ಸೂರಿನಡಿ ಮಲಗಿ, ಅಲ್ಲಿನ ತರುಣರ ಜೊತೆ ಶಾಲೆಯ ಗೋಡೆ ಕಟ್ಟಿದರು. ರಾಬಿನ್ಸನ್‌ಗೆ ಮತಾಂತರದ ಹಂಬಲ ಇರಲಿಲ್ಲ. 1961ರ ಮಾರ್ಚಿನಲ್ಲಿ ಅಧ್ಯಕ್ಷ ಕೆನಡಿ ಪೀಸ್ ಕೋರ್ ಸ್ಥಾಪಿಸಿದಾಗ ಅದಕ್ಕೆ ಮಾದರಿಗಳಲ್ಲಿ ಇದೂ ಒಂದಾಗಿತ್ತು. ಕ್ರಾಸ್‌ರೋಡ್ಸ್ ತಮ್ಮ ಸಂಸ್ಥೆಯ ಪೂರ್ವಜ ಎಂಬುದನ್ನು ಕೆನಡಿ ಬಾಯಿಬಿಟ್ಟು ಒಪ್ಪಿಕೊಂಡರು.

ಪೀಸ್ ಕೋರ್ ಎಂದರೆ ಮುಂಬೈ ಓದುಗರಲ್ಲಿ ಹಳಬರಿಗೆ ವಿಕ್ರೋಳಿ ನೆನಪಾದೀತು. ಮುಂದೆ ಅಮೆರಿಕದ ಅಧ್ಯಕ್ಷರಾದ ಜಿಮ್ಮಿ ಕಾರ್ಟರ್ ಅವರ ತಾಯಿ ಲಿಲಿಯನ್ ಕಾರ್ಟರ್ ಅರವತ್ತೆಂಟರ ವಯಸ್ಸಿನಲ್ಲಿ ಅಲ್ಲಿ ನರ್ಸ್ ಆಗಿ ದುಡಿದರು, 1966ರಿಂದ 68ರವರೆಗೆ. ರಜೆಯ ತರುಣರಿಗಿಂತ ಆ ಅಜ್ಜಿ ಹೆಚ್ಚು ಕಾಲ ನಿಂತರು.

ಏಕೆ ಐವತ್ತರ ದಶಕದ ಕೊನೆಗೇ ಇದೆಲ್ಲ ಶುರುವಾಯಿತು? ಭಕ್ತಿ ಮೊದಲೂ ಇತ್ತು. ಮೊದಲು ಇಲ್ಲದಿದ್ದದ್ದು ಕಾರು, ಹೆದ್ದಾರಿ, ಜೆಟ್ ವಿಮಾನ, ಮೂರು ತಿಂಗಳ ಕಾಲೇಜು ರಜೆ, ಮತ್ತು ಆ ರಜೆಯಲ್ಲಿ ದುಡಿದು ಮನೆಗೆ ಕೊಡಬೇಕಾದ ಗರಜು ಇಲ್ಲದಷ್ಟು ಅನುಕೂಲವಾದ ಮಧ್ಯಮ ವರ್ಗ.

ಹಳೆಯ ಮಿಷನರಿಯ ಲೆಕ್ಕವೇ ಬೇರೆ. ಆತ ಹೊರಟರೆ ಹೊರಟ. 1886ರ ಜುಲೈನಲ್ಲಿ ಮ್ಯಾಸಚೂಸೆಟ್ಸ್‌ನ ಮೌಂಟ್ ಹರ್ಮನ್‌ನಲ್ಲಿ ಒಂದು ಬೇಸಿಗೆ ಶಿಬಿರ ನಡೆಯಿತು. ಕೂಡಿದ್ದ 251 ವಿದ್ಯಾರ್ಥಿಗಳಲ್ಲಿ ನೂರು ಮಂದಿ ವಿದೇಶಕ್ಕೆ ಮಿಷನರಿಗಳಾಗಿ ಹೋಗಲು ಸಿದ್ಧರೆಂದು ಹೆಸರು ಬರೆಸಿದರು. ಅದಕ್ಕೆ ಗಾಳಿ ಹಾಕಿದವನು ರಾಬರ್ಟ್ ವೈಲ್ಡರ್. ಹುಟ್ಟಿದ್ದು 1863ರಲ್ಲಿ, ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದಲ್ಲಿ. ಅಪ್ಪ ರಾಯಲ್ ವೈಲ್ಡರ್ ಅಲ್ಲಿ 1852ರಿಂದ ಮಿಷನರಿಯಾಗಿದ್ದ. ಆ ಶಿಬಿರದಿಂದ ಬೆಳೆದ ವಿದ್ಯಾರ್ಥಿ ಚಳವಳಿ ಮುಂದಿನ ಅರ್ಧ ಶತಮಾನದಲ್ಲಿ 20,000ಕ್ಕೂ ಹೆಚ್ಚು ಮಂದಿಯನ್ನು ಹಡಗು ಹತ್ತಿಸಿತು. ಅವರಿಗೂ ಎಲ್ಲ ಶುರುವಾದದ್ದು ಒಂದು ಬೇಸಿಗೆಯಲ್ಲೇ. ಆದರೆ ಅಲ್ಲಿ ಬೇಸಿಗೆ ಬರೀ ಸಂಕಲ್ಪಕ್ಕೆ, ಕೆಲಸ ಜೀವಮಾನದ್ದು.

ಕನ್ನಡದವರಿಗೆ ಈ ವ್ಯತ್ಯಾಸ ತಿಳಿಯಲು ದೂರ ಹೋಗಬೇಕಿಲ್ಲ. ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನಿಂದ ಬಂದಾಗ ಅವನಿಗೆ ಇಪ್ಪತ್ತೊಂದು ವರ್ಷ, ಅಂದರೆ ಸುಮಾರಾಗಿ ಮೆಕ್ಸಿಕೊಗೆ ಹೋದ ಹುಡುಗರ ವಯಸ್ಸೇ. ಅವನ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ. ನಡುವೆ ನಲವತ್ತೊಂದು ವರ್ಷ, ಸುಮಾರು 70,000 ಶಬ್ದ. ಕಿಟೆಲ್ ಕೂಡ ಮತ ಹರಡಲೆಂದೇ ಬಂದವನು, ಬ್ರಿಟಿಷರ ಆಳ್ವಿಕೆಯ ನೆರಳಿನಲ್ಲೇ ಬದುಕಿದವನು. ಅದನ್ನು ಮರೆಮಾಚುವ ಅಗತ್ಯವಿಲ್ಲ. ಆದರೆ ನಲವತ್ತು ವರ್ಷ ಒಂದು ನುಡಿಯ ಜೊತೆ ಹೆಣಗಿದವನನ್ನು ಆ ನುಡಿ ಸುಮ್ಮನೆ ಬಿಡುವುದಿಲ್ಲ. ಕಲಿಸಲು ಬಂದವನು ಕಲಿಯುತ್ತ ಕೂತ. ಎಂಟು ವಾರದ ರಜೆಯಲ್ಲಿ ಬಂದವನಿಗೆ ಅಂಥ ಅಪಾಯವಿಲ್ಲ.

ಮೆಕ್ಸಿಕೊ ಕಥೆಗೆ ಮರಳೋಣ. ಅಮೆರಿಕದ ಹುಡುಗರಿಗೆ ಮೆಕ್ಸಿಕೊ ಹತ್ತಿರದ ವಿದೇಶ. ವಿಮಾನದ ಖರ್ಚಿಲ್ಲ, ಗಾಡಿ ಇದ್ದರೆ ಸಾಕು. ಆದರೆ ಧರ್ಮದ ವಿಷಯದಲ್ಲಿ ಅದು ಸುಲಭದ ನೆಲವಲ್ಲ. ಕ್ರಾಂತಿಯ ನಂತರದ 1917ರ ಸಂವಿಧಾನ ಚರ್ಚಿನ ಕೈ ಕಟ್ಟಿಹಾಕಿತ್ತು. ಅದರ 130ನೇ ವಿಧಿಯ ಪ್ರಕಾರ ಮೆಕ್ಸಿಕೊದಲ್ಲಿ ಹುಟ್ಟಿದವನಲ್ಲದೆ ಬೇರೆಯವನು ಪಾದ್ರಿಯಾಗಿ ಕೆಲಸ ಮಾಡುವಂತಿರಲಿಲ್ಲ. ಚರ್ಚುಗಳಿಗೆ ಆಸ್ತಿ ಹೊಂದುವ ಹಕ್ಕೂ ಇರಲಿಲ್ಲ. ಇದನ್ನು ಬಿಗಿಯಾಗಿ ಜಾರಿಗೆ ತರಹೊರಟಾಗ ಕ್ಯಾಥೊಲಿಕ್ ರೈತರು ಬಂದೂಕು ಹಿಡಿದರು. 1926ರಿಂದ 1929ರವರೆಗೆ ನಡೆದ ಆ ‘ಕ್ರಿಸ್ತೆರೋ’ ಯುದ್ಧದಲ್ಲಿ ಸಾವಿರಾರು ಜನ ಸತ್ತರು. ನಲವತ್ತರ ದಶಕದ ಹೊತ್ತಿಗೆ ಸರ್ಕಾರ ಕಂಡೂ ಕಾಣದಂತಿರಲು ಶುರುಮಾಡಿತ್ತು, ಆದರೆ ಕಾನೂನು ಬದಲಾದದ್ದು 1992ರಲ್ಲಿ. ಇಂಥ ದೇಶಕ್ಕೆ ಹೋದ ಹುಡುಗರಿಗೆ ತಾವು ಯಾವ ಹಳೆಯ ಗಾಯದ ಮೇಲೆ ಕಾಲಿಡುತ್ತಿದ್ದೇವೆ ಎಂಬುದು ಎಷ್ಟರಮಟ್ಟಿಗೆ ಗೊತ್ತಿತ್ತೋ.

ವರ್ವರ್ ತಂಡ ಪ್ರಾಟೆಸ್ಟಂಟರದು. ಅರವತ್ತರ ದಶಕದಲ್ಲಿ ಕ್ಯಾಥೊಲಿಕ್ ಹುಡುಗ ಹುಡುಗಿಯರೂ ದಂಡುಗಟ್ಟಿ ಹೊರಟರು. ಅದಕ್ಕೆ ಮೇಲಿನಿಂದಲೇ ಕರೆ ಬಂದಿತ್ತು. 1959ರಲ್ಲಿ ಕ್ಯೂಬಾದಲ್ಲಿ ಕ್ಯಾಸ್ಟ್ರೊ ಗೆದ್ದ. ಲ್ಯಾಟಿನ್ ಅಮೆರಿಕದಲ್ಲಿ ಪಾದ್ರಿಗಳ ಕೊರತೆ ವಿಪರೀತ. ಒಂದು ಕಡೆ ಕಮ್ಯುನಿಸ್ಟರು, ಇನ್ನೊಂದು ಕಡೆ ಪ್ರಾಟೆಸ್ಟಂಟರು ಜನರನ್ನು ಸೆಳೆಯುತ್ತಿದ್ದಾರೆ ಎಂಬ ಭಯ ವ್ಯಾಟಿಕನ್ನಿಗೆ ಹಿಡಿಯಿತು. 1961ರ ಆಗಸ್ಟಿನಲ್ಲಿ ಇಂಡಿಯಾನಾದ ನಾಟ್ರಡಾಮ್ ವಿಶ್ವವಿದ್ಯಾಲಯದಲ್ಲಿ ವ್ಯಾಟಿಕನ್ನಿನ ಅಧಿಕಾರಿ ಅಗೊಸ್ತಿನೊ ಕಸರೋಲಿ, ಅಮೆರಿಕದ ಪ್ರತಿ ಧಾರ್ಮಿಕ ಸಂಘವೂ ತನ್ನ ನೂರಕ್ಕೆ ಹತ್ತು ಮಂದಿಯನ್ನು ಹತ್ತು ವರ್ಷದೊಳಗೆ ಲ್ಯಾಟಿನ್ ಅಮೆರಿಕಕ್ಕೆ ಕಳಿಸಬೇಕೆಂದು ಪೋಪರ ಪರವಾಗಿ ಕೇಳಿಕೊಂಡ. ಸಾಮಾನ್ಯ ಭಕ್ತರಿಗಾಗಿ ‘ಪೇಪಲ್ ವಾಲಂಟಿಯರ್ಸ್’ ಎಂಬ ಯೋಜನೆ ಆಗಲೇ ಇತ್ತು. ಬೇಸಿಗೆ ರಜೆಯಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಮೆಕ್ಸಿಕೊದ ಹಳ್ಳಿಗಳಿಗೆ ಕಳಿಸುತ್ತಿದ್ದ ಸಂಘಟನೆಯ ಹೆಸರು ಉದ್ದದ್ದು: ‘ಕಾನ್ಫರೆನ್ಸ್ ಆನ್ ಇಂಟರ್‌ಅಮೆರಿಕನ್ ಸ್ಟೂಡೆಂಟ್ ಪ್ರಾಜೆಕ್ಟ್ಸ್’, ಚಿಕ್ಕದಾಗಿ ಸಿಯಾಸ್ಪ್.

ಇಂಥ ಬೇಸಿಗೆ ಯೋಜನೆಗಳ ಕೆಲಸ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಬಗೆ. ಶಾಲೆಗೆ ಸುಣ್ಣ ಬಳಿಯುವುದು, ಕಕ್ಕಸಿನ ಗುಂಡಿ ತೋಡುವುದು, ಮಕ್ಕಳಿಗೆ ಆಟ, ಹಾಡು, ಅಷ್ಟಿಷ್ಟು ಇಂಗ್ಲಿಷ್ ಕಲಿಸುವುದು, ಗಾಯಕ್ಕೆ ಮುಲಾಮು ಹಚ್ಚುವುದು. ಸಂಜೆ ಪ್ರಾರ್ಥನೆ. ಹುಡುಗರ ಶ್ರದ್ಧೆಯನ್ನು ಅನುಮಾನಿಸಲು ಕಾರಣವಿಲ್ಲ. ಅವರ ಓರಗೆಯವರು ಸಮುದ್ರ ತೀರಕ್ಕೆ ಹೋಗಿ ಬಿಸಿಲು ಕಾಯುವಾಗ ಇವರು ಗೊತ್ತಿಲ್ಲದ ಊರಿನ ಕೆಸರಿನಲ್ಲಿ ನಿಂತಿದ್ದರು.

ಕೆಸರು ಎಂದದ್ದು ಅಲಂಕಾರಕ್ಕಲ್ಲ. ಅಮೆರಿಕದ ಕಾಲೇಜಿನ ಬೇಸಿಗೆ ಜೂನ್‌ನಿಂದ ಆಗಸ್ಟ್. ನಡು ಮೆಕ್ಸಿಕೊದಲ್ಲಿ ಅದು ಮಳೆಗಾಲ, ನಮ್ಮ ಜ್ಯೇಷ್ಠ ಆಷಾಢ ಶ್ರಾವಣಗಳ ಹಾಗೆಯೇ. ಮಳೆಗೆ ಬಿತ್ತಿದ ಮೆಕ್ಕೆಜೋಳ ಹೊಲದಲ್ಲಿರುತ್ತದೆ, ಕಳೆ ತೆಗೆಯುವ ಕೆಲಸ ಮುಗಿಯುವುದಿಲ್ಲ, ಕೊಯ್ಲು ಬರುವುದು ಅಕ್ಟೋಬರಿನ ನಂತರ. ಹಿಂದಿನ ವರ್ಷದ ಕಾಳು ಮನೆಯಲ್ಲಿ ತಳ ಕಾಣುವ ಕಾಲ. ಆಷಾಢದಲ್ಲಿ ನೆಂಟರು ಬಂದರೆ ರೈತರ ಮನೆಯಲ್ಲಿ ಏನು ಗತಿ ಎಂಬುದು ಉತ್ತರ ಕರ್ನಾಟಕದ ಹಳ್ಳಿಯಿಂದ ಬಂದವರಿಗೆ ಹೇಳಿಕೊಡಬೇಕಿಲ್ಲ. ಆದರೂ ಬಂದವರಿಗೆ ರೊಟ್ಟಿ ಹಾಕಲೇಬೇಕು, ಮೊಟ್ಟೆ ಇದ್ದರೆ ಅದೂ ಅವರ ತಟ್ಟೆಗೆ. ಈ ಸೇವೆಯ ಕ್ಯಾಲೆಂಡರು ಹಳ್ಳಿಯದಾಗಿರಲಿಲ್ಲ, ಕಾಲೇಜಿನದಾಗಿತ್ತು. ಬೇಡವೆನ್ನುವ ರೂಢಿಯೂ ಹಳ್ಳಿಗೆ ಇರಲಿಲ್ಲ.

ಈ ಮಾತನ್ನು ಮುಖಕ್ಕೆ ಹೊಡೆದಂತೆ ಹೇಳಿದವನೂ ಒಬ್ಬ ಪಾದ್ರಿಯೇ.

ಇವಾನ್ ಇಲಿಚ್ ಹುಟ್ಟಿದ್ದು 1926ರಲ್ಲಿ ವಿಯೆನ್ನಾದಲ್ಲಿ. ತಾಯಿ ಯಹೂದಿ ಮೂಲದವಳಾದ್ದರಿಂದ ನಾಜಿಗಳ ಕಾಲದಲ್ಲಿ ಊರು ಬಿಡಬೇಕಾಯಿತು. ರೋಮಿನಲ್ಲಿ 1951ರಲ್ಲಿ ಪಾದ್ರಿ ದೀಕ್ಷೆ ಪಡೆದು ನ್ಯೂಯಾರ್ಕಿಗೆ ಬಂದ. ವ್ಯಾಟಿಕನ್ನಿನ ರಾಜತಂತ್ರಜ್ಞನಾಗಿ ಮೇಲೇರುವ ಎಲ್ಲ ಅರ್ಹತೆ ಇದ್ದವನು ಪೋರ್ಟೊರಿಕೊದಿಂದ ವಲಸೆ ಬಂದ ಬಡವರ ಪ್ಯಾರಿಷ್ ಆರಿಸಿಕೊಂಡು, ಅವರ ನಡುವೆಯೇ ಸ್ಪ್ಯಾನಿಷ್ ಕಲಿತ. 1956ರಲ್ಲಿ ಪೋರ್ಟೊರಿಕೊದ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ಉಪಮುಖ್ಯಸ್ಥನಾದ. 1960ರಲ್ಲಿ ಅಲ್ಲಿನ ಬಿಷಪ್ಪರು ಚುನಾವಣೆಗೆ ಇಳಿದು, ಇಂಥವರಿಗೆ ಮತ ಹಾಕಕೂಡದೆಂದು ಭಕ್ತರಿಗೆ ಆಜ್ಞೆ ಹೊರಡಿಸಿದಾಗ ಇವನು ಎದುರು ನಿಂತು ಆ ಜಾಗ ಕಳೆದುಕೊಂಡ. 1961ರಲ್ಲಿ ಮೆಕ್ಸಿಕೊ ನಗರದ ದಕ್ಷಿಣಕ್ಕಿರುವ ಕುವೆರ್ನವಾಕಾ ಊರಿನಲ್ಲಿ ಒಂದು ಕೇಂದ್ರ ತೆರೆದ.

ಹೆಸರಿಗೆ ಅದು ಲ್ಯಾಟಿನ್ ಅಮೆರಿಕಕ್ಕೆ ಹೋಗುವ ಮಿಷನರಿಗಳಿಗೆ ಸ್ಪ್ಯಾನಿಷ್ ಕಲಿಸುವ ಶಾಲೆ. ನಿಜದಲ್ಲಿ ಅದು ಜರಡಿ. ಗಂಟೆಗಟ್ಟಲೆ ಭಾಷಾಭ್ಯಾಸ, ಅದರ ಮೇಲೆ ನೀವೇಕೆ ಬಂದಿರಿ, ಯಾರು ಕರೆದರು ಎಂಬ ಪ್ರಶ್ನೆಗಳ ಸುರಿಮಳೆ. ತಾವು ಅಮೆರಿಕದ ಸಿರಿವಂತ ಜೀವನಕ್ರಮವನ್ನೇ ಕ್ರಿಸ್ತನ ಬೋಧೆ ಎಂದುಕೊಂಡಿದ್ದೇವೆಯೇ ಎಂದು ಅವರೇ ತಮ್ಮನ್ನು ಕೇಳಿಕೊಳ್ಳುವಂತೆ ಮಾಡುವುದು ಅವನ ಗುರಿ. ಹಲವರು ಕೋರ್ಸ್ ಮುಗಿಸದೆ ಊರಿಗೆ ಮರಳಿದರು. ಇಲಿಚ್‌ಗೆ ಅದು ಸೋಲಾಗಿ ಕಾಣಲಿಲ್ಲ. ಪೋಪ್ ಕೇಳಿದ ನೂರಕ್ಕೆ ಹತ್ತರ ಯೋಜನೆಗೆ ಸಿಬ್ಬಂದಿ ತಯಾರಿಸಿಕೊಡುವ ಜಾಗದಲ್ಲೇ ಕೂತು ಆ ಯೋಜನೆ ನಿಲ್ಲಲೆಂದು ದುಡಿದವನು ಆತ. 1967ರ ಜನವರಿಯಲ್ಲಿ ‘ಅಮೆರಿಕಾ’ ಎಂಬ ಜೆಸುಯಿಟ್ ಪತ್ರಿಕೆಯಲ್ಲಿ, ದಾನದ ಕೊಳಕು ಮಗ್ಗುಲನ್ನು ಬಿಚ್ಚಿಡುವ ಲೇಖನ ಬರೆದು ತನ್ನನ್ನು ಕಾಪಾಡುತ್ತಿದ್ದ ಹಿರಿಯರಿಗೂ ಮುಜುಗರ ತಂದ. ಹೊರಗಿನ ಹಣ ಮತ್ತು ಹೊರಗಿನ ಪಾದ್ರಿಗಳಿಂದ ಬೆಳೆದ ಚರ್ಚು ಆ ನೆಲದ್ದಾಗುವುದಿಲ್ಲ, ವಿದೇಶಿ ಕಂಪನಿಯ ಶಾಖೆಯಂತಾಗುತ್ತದೆ ಎಂಬುದು ಅದರ ತಿರುಳು.

1968ರ ಏಪ್ರಿಲ್ 20ರಂದು ಸಿಯಾಸ್ಪ್ ತನ್ನ ಸಮ್ಮೇಳನಕ್ಕೆ ಮಾತನಾಡಲು ಕರೆದದ್ದು ಇದೇ ಮನುಷ್ಯನನ್ನು.

ಹಿನ್ನೆಲೆ ನೆನಪಿಟ್ಟುಕೊಳ್ಳಬೇಕು. ಹದಿನಾರು ದಿನ ಹಿಂದೆ, ಏಪ್ರಿಲ್ 4ರಂದು, ಮಾರ್ಟಿನ್ ಲೂಥರ್ ಕಿಂಗ್ ಅವರ ಕೊಲೆಯಾಗಿತ್ತು. ಷಿಕಾಗೊ, ವಾಷಿಂಗ್ಟನ್‌ಗಳ ಕರಿಯರ ಕೇರಿಗಳು ಹೊತ್ತಿ ಉರಿದಿದ್ದವು. ವಿಯೆಟ್ನಾಂನಲ್ಲಿ ಐದು ಲಕ್ಷದಷ್ಟು ಅಮೆರಿಕನ್ ಸೈನಿಕರಿದ್ದರು. ಎದುರಿಗೆ ಕೂತಿದ್ದವರು ಇನ್ನೆರಡು ತಿಂಗಳಲ್ಲಿ ಮೆಕ್ಸಿಕೊಗೆ ಹೊರಡುವ ಯೋಜನೆಯಲ್ಲಿದ್ದವರು.

ಇಲಿಚ್ ಅವರಿಗೆ ಹೇಳಿದ್ದು ಹೋಗಬೇಡಿ ಎಂದು. ಮೆಲುದನಿಯಲ್ಲೂ ಅಲ್ಲ. ಅವನ ವಾದ ಹೀಗಿತ್ತು: ಅಮೆರಿಕ ಹೊರಗೆ ಕಳಿಸುವ ಸರಕುಗಳಲ್ಲಿ ಹಣ ಮತ್ತು ಬಂದೂಕುಗಳ ನಂತರದ ಸ್ಥಾನ ಆದರ್ಶವಾದಿಗಳದು. ನೀವು ಬೇಡವೆಂದರೂ ನಿಮ್ಮ ದೇಶದ ಬದುಕಿನ ಮಾರಾಟಗಾರರಾಗಿಯೇ ಬರುತ್ತೀರಿ, ಬೇರೇನನ್ನೂ ಕೊಡಲು ನಿಮಗೆ ಗೊತ್ತಿಲ್ಲ. ಹಳ್ಳಿಯವರ ಭಾಷೆ ಬಾರದ ನಿಮಗೆ ನೀವು ಏನು ಮಾಡುತ್ತಿದ್ದೀರಿ, ಅವರು ನಿಮ್ಮ ಬಗ್ಗೆ ಏನು ಅಂದುಕೊಂಡಿದ್ದಾರೆ ಎಂಬುದು ಕೂಡ ತಿಳಿಯುವುದಿಲ್ಲ. ಬಡವರ ಜೊತೆ ಕೆಲಸ ಮಾಡಲೇಬೇಕು ಅನ್ನಿಸಿದರೆ ನಿಮ್ಮೂರಿನ ಬಡವರ ಬಳಿ ಹೋಗಿ. ಅವರಾದರೂ ನಿಮ್ಮ ಭಾಷೆಯಲ್ಲಿ ಬೈದು ಹೊರಗಟ್ಟಬಲ್ಲರು. ಮೆಕ್ಸಿಕೊಗೆ ಬನ್ನಿ, ನೋಡಲು ಬನ್ನಿ, ಓದಲು ಬನ್ನಿ, ಬೆಟ್ಟ ಹತ್ತಿ, ಹೂವು ನೋಡಿ ಸಂತೋಷಪಡಿ, ಸಹಾಯ ಮಾಡಲು ಮಾತ್ರ ಬರಬೇಡಿ.

ಬೈದು ಹೊರಗಟ್ಟಬಲ್ಲರು ಎಂಬ ಮಾತಿನಲ್ಲಿ ಇಡೀ ಭಾಷಣದ ಕೀಲಿ ಇದೆ. ಸಹಾಯ ಪಡೆಯುವವನಿಗೆ ಬೇಡವೆನ್ನುವ ಶಕ್ತಿ ಇಲ್ಲದಿದ್ದರೆ ಅದು ಸಹಾಯ ಹೇಗಾಯಿತು? ಮೆಕ್ಸಿಕೊ ಹಳ್ಳಿಯ ತಾಯಿ, ಬಂದ ಬಿಳಿಯ ಹುಡುಗಿಗೆ ಕೂರಲು ಇದ್ದೊಂದು ಕುರ್ಚಿ ಹಾಕಿ ನಗುತ್ತಾಳೆ. ಆ ನಗುವಿನ ಅರ್ಥ ಪ್ರೀತಿಯೋ, ಸಂಕೋಚವೋ, ಇವಳು ಯಾವಾಗ ಎದ್ದುಹೋಗುತ್ತಾಳೆ ಎಂಬ ಕಾತರವೋ, ಹುಡುಗಿಗೆ ಗೊತ್ತಾಗುವ ದಾರಿಯಿಲ್ಲ. ಅವಳು ಊರಿಗೆ ಮರಳಿ ಬರೆಯುವ ವರದಿಯಲ್ಲಿ ಅದು ಪ್ರೀತಿ ಎಂದೇ ದಾಖಲಾಗುತ್ತದೆ. ಇಂಥ ಬೇಸಿಗೆಗಳ ಬಗ್ಗೆ ಪತ್ರ, ದಿನಚರಿ, ಚರ್ಚಿನ ವರದಿಗಳು ರಾಶಿರಾಶಿ ಇವೆ. ಬರೆದವರೆಲ್ಲ ಹೋದವರು. ಆ ತಾಯಿ ಬರೆದದ್ದು ಎಲ್ಲಿಯೂ ಇಲ್ಲ.

ಹಾಗೆಂದು ಇಲಿಚ್ ಹೇಳಿದ್ದೆಲ್ಲ ಸರಿಯೆಂದು ತಲೆಯಾಡಿಸಬೇಕಿಲ್ಲ. ಅವನ ಮಾತಿಗೆ ಒಂದು ಸೊಕ್ಕಿತ್ತು. ವಿಯೆನ್ನಾದಲ್ಲಿ ಹುಟ್ಟಿ, ರೋಮಿನಲ್ಲಿ ಓದಿ, ನ್ಯೂಯಾರ್ಕಿನಿಂದ ಬಂದವನು ಮೆಕ್ಸಿಕೊದ ಪರವಾಗಿ ಮಾತನಾಡುವುದೂ ಒಂದು ಬಗೆಯ ಮಿಷನರಿಗಿರಿಯೇ ಅಲ್ಲವೇ? ಕ್ರಾಸ್‌ರೋಡ್ಸ್‌ನಂಥ ಪ್ರಯತ್ನವನ್ನು ಅವನ ತಕ್ಕಡಿಯಲ್ಲಿಟ್ಟರೆ ಅದರ ತೂಕ ಸಿಗುವುದಿಲ್ಲ. ರಾಬಿನ್ಸನ್ ಕಟ್ಟಿಸಿದ ಗೋಡೆಗಳನ್ನು ಆಫ್ರಿಕದ ಗಾರೆ ಕೆಲಸದವರು ಇನ್ನೂ ಚೆನ್ನಾಗಿ ಕಟ್ಟುತ್ತಿದ್ದರು, ನಿಜ. ಆದರೆ ಅಲ್ಲಿಗೆ ಹೋದ ಕರಿಯ ವಿದ್ಯಾರ್ಥಿ ಸ್ವತಂತ್ರ ಘಾನಾದಲ್ಲಿ ತನ್ನದೇ ಬಣ್ಣದ ಮಂತ್ರಿ, ನ್ಯಾಯಾಧೀಶರನ್ನು ಕಂಡದ್ದು ಗೋಡೆಯ ಲೆಕ್ಕಕ್ಕೆ ಬರುವಂಥದ್ದಲ್ಲ. ಇಲಿಚ್ ‘ನೋಡಲು ಬನ್ನಿ’ ಎಂದದ್ದೂ ಇದನ್ನೇ ಇರಬಹುದು. ಅಂಥ ನೋಟಕ್ಕೆ ಸಹಾಯ ಎಂಬ ಹೆಸರು ಅಂಟಿಸುವುದೇ ಅವನಿಗೆ ಆಗದ ವಿಷಯ.

ಚರ್ಚು ಅವನನ್ನು ಬಹಳ ದಿನ ಸಹಿಸಲಿಲ್ಲ. ಅದೇ ಜೂನಿನಲ್ಲಿ ರೋಮಿಗೆ ಕರೆಸಿ ಪ್ರಶ್ನೆಗಳ ಉದ್ದ ಪಟ್ಟಿ ಮುಂದಿಟ್ಟರು, ಉತ್ತರಿಸಲು ಒಪ್ಪಲಿಲ್ಲ. 1969ರ ಜನವರಿಯಲ್ಲಿ ಕ್ಯಾಥೊಲಿಕ್ ಪಾದ್ರಿಗಳು, ಸನ್ಯಾಸಿನಿಯರು ಅವನ ಕೇಂದ್ರಕ್ಕೆ ಕಾಲಿಡಬಾರದೆಂದು ವ್ಯಾಟಿಕನ್ ನಿಷೇಧ ಹಾಕಿತು. ಮಾರ್ಚಿನಲ್ಲಿ ಇಲಿಚ್ ಪಾದ್ರಿಯ ಕೆಲಸದಿಂದ ಹಿಂದೆ ಸರಿದ. 1971ರಲ್ಲಿ ಶಾಲೆಗಳ ವಿರುದ್ಧ ಬರೆದ ‘ಡಿಸ್ಕೂಲಿಂಗ್ ಸೊಸೈಟಿ’ ಅವನನ್ನು ಲೋಕಪ್ರಸಿದ್ಧನನ್ನಾಗಿಸಿತು. 1976ರಲ್ಲಿ ತನ್ನ ಕೇಂದ್ರವನ್ನು ತಾನೇ ಮುಚ್ಚಿದ.

ಬೇಸಿಗೆಯ ಮಿಷನ್ ಮಾತ್ರ ಮುಚ್ಚಲಿಲ್ಲ. ಸಮಾಜಶಾಸ್ತ್ರಜ್ಞ ರಾಬರ್ಟ್ ವುತ್‌ನೋ ಅವರ ಅಂದಾಜಿನಂತೆ ಈ ಶತಮಾನದ ಮೊದಲ ದಶಕದ ನಡುವಿಗೆ ಅಮೆರಿಕದ ಚರ್ಚುಗಳಿಂದ ವರ್ಷಕ್ಕೆ ಸುಮಾರು 16 ಲಕ್ಷ ಮಂದಿ ಇಂಥ ಪ್ರವಾಸ ಹೋಗುತ್ತಿದ್ದರು. ಅವಧಿ ತಿಂಗಳುಗಳಿಂದ ವಾರಕ್ಕೋ ಹತ್ತು ದಿನಕ್ಕೋ ಇಳಿದಿತ್ತು.

ಇಲಿಚ್ ಬೈದು ಹೇಳಿದ್ದನ್ನು ಲೆಕ್ಕ ಹಾಕಿ ಹೇಳಿದವರು ಬಂದದ್ದು ಆಮೇಲೆ. 1998ರಲ್ಲಿ ಮಿಚ್ ಎಂಬ ಚಂಡಮಾರುತ ಹೊಂಡುರಾಸ್ ದೇಶವನ್ನು ನೆಲಸಮ ಮಾಡಿತು. ಮನೆ ಕಟ್ಟಿಕೊಡಲು ಉತ್ತರ ಅಮೆರಿಕದಿಂದ ತಂಡ ತಂಡವಾಗಿ ಕ್ರೈಸ್ತ ಸ್ವಯಂಸೇವಕರು ಹೋದರು. ಅಮೆರಿಕದ ಕ್ರೈಸ್ತ ಕಾಲೇಜೊಂದರ ಅಧ್ಯಾಪಕ, ಹೊಂಡುರಾಸ್‌ನಲ್ಲೇ ನೆಲೆಸಿದ ಕರ್ಟ್ ವೆರ್ ಬೀಕ್, ತಂಡಗಳು ಕಟ್ಟಿದ ಮನೆಗಳನ್ನೂ ಸ್ಥಳೀಯ ಕ್ರೈಸ್ತ ಸಂಸ್ಥೆ ಊರಿನವರಿಂದಲೇ ಕಟ್ಟಿಸಿದ ಮನೆಗಳನ್ನೂ ಹೋಲಿಸಿದರು. 2006ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಒಂದು ಮನೆಗೆ ಸ್ಥಳೀಯವಾಗಿ ತಗಲುತ್ತಿದ್ದ ಖರ್ಚು ಸುಮಾರು 2,000 ಡಾಲರ್. ವಿಮಾನದ ಟಿಕೆಟ್ಟು, ಊಟ, ವಸತಿ ಸೇರಿಸಿದರೆ ತಂಡಗಳು ಒಂದು ಮನೆಗೆ ಸರಾಸರಿ 30,000 ಡಾಲರ್ ಖರ್ಚು ಮಾಡಿದ್ದವು. ಯಾರು ಕಟ್ಟಿದರೂ ಮನೆ ಪಡೆದವರ ಬದುಕಿನಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ವಾದವೇನೋ ಬೇರೆಯದೂ ಇತ್ತು. ಲಾಭ ಆಗುವುದು ಹೋದವರಿಗೆ, ಅವರ ಕಣ್ಣು ತೆರೆಯುತ್ತದೆ, ಮರಳಿದ ಮೇಲೆ ಜೀವನವಿಡೀ ಬಡವರಿಗಾಗಿ ಹೆಚ್ಚು ಕೊಡುತ್ತಾರೆ, ಹೆಚ್ಚು ಪ್ರಾರ್ಥಿಸುತ್ತಾರೆ ಎಂದು ಸಂಘಟಕರು ಹೇಳುತ್ತಿದ್ದರು. ವೆರ್ ಬೀಕ್ ಅದನ್ನೂ ಬಿಡಲಿಲ್ಲ. ತಾವು ಬದಲಾದೆವು ಎಂದು ಹೋದವರು ಹೇಳಿಕೊಂಡಷ್ಟು ಬದಲಾವಣೆ ಅವರು ದಾನ ಕೊಟ್ಟ ದಾಖಲೆಗಳಲ್ಲಿ ಸಿಗಲಿಲ್ಲ. ಇದನ್ನು ಬರೆದವರು ನಾಸ್ತಿಕರಲ್ಲ, ಆ ವಲಯದ ಒಳಗಿನವರೇ. ಆ ಕಾರಣಕ್ಕೇ ಹಲವು ಚರ್ಚುಗಳಲ್ಲಿ ಇದು ಚರ್ಚೆಯಾಯಿತು. ಕೆಲವು ಕಡೆ ಪ್ರವಾಸದ ಮುಂಚೆ ತಿಂಗಳುಗಟ್ಟಲೆ ತರಬೇತಿ, ನಂತರ ವರ್ಷಗಟ್ಟಲೆ ಸಂಪರ್ಕ ಇರಬೇಕೆಂಬ ಮಾತೂ ಬಂತು.

ಈ ಲೆಕ್ಕದಲ್ಲಿ ವರ್ವರ್ ಎಲ್ಲಿ ನಿಲ್ಲುತ್ತಾನೆ? ಅವನನ್ನು ಇಲಿಚ್‌ನ ಎದುರಾಳಿ ಎಂದು ಸುಮ್ಮನೆ ನಿಲ್ಲಿಸಿಬಿಡುವುದು ಸುಲಭ. ಅವನ ನಂಬಿಕೆ ಇಲಿಚ್‌ಗೆ ಅಸಹ್ಯವೆನಿಸುವಷ್ಟು ನೇರವಾದದ್ದು. ಆದರೆ ಅವನಿಗೆ ಆ ಒಂದು ಬೇಸಿಗೆ ಸಾಕಾಗಲಿಲ್ಲ ಎಂಬುದನ್ನೂ ಗಮನಿಸಬೇಕು. ಅವನು ಮತ್ತೆ ಮತ್ತೆ ಹೋದ, ಸಿಕ್ಕಿಬಿದ್ದ, ಓಡಿಸಿಕೊಂಡ, ಬದುಕಿಡೀ ಅದೇ ಕೆಲಸದಲ್ಲಿ ಸವೆದ. ಇಲಿಚ್ ಮಾತು ನಾಟಬೇಕಾಗಿದ್ದದ್ದು ಅವನಂಥ ಹುಚ್ಚರಿಗಲ್ಲ, ಸೆಪ್ಟೆಂಬರಿನಲ್ಲಿ ಫೋಟೋಗಳೊಂದಿಗೆ ಮರಳುವ ಉಳಿದವರಿಗೆ.

ಇಲಿಚ್ ಬಾಳಿನ ಒಂದು ಕೊಂಡಿ ನಮ್ಮ ಕಡೆಗೂ ಇದೆ. 1978ರ ಜನವರಿಯಲ್ಲಿ ವಾರ್ಧಾ ಬಳಿಯ ಸೇವಾಗ್ರಾಮದ ಸಮ್ಮೇಳನವೊಂದನ್ನು ಉದ್ಘಾಟಿಸಲು ಅವನನ್ನು ಕರೆದಿದ್ದರು. ಮೂರನೆಯ ಜಗತ್ತಿನ ಬಡವರಿಗೆ ತಕ್ಕ ತಂತ್ರಜ್ಞಾನ ಅಲ್ಲಿನ ವಿಷಯ. ಅವನು ಬಡವರಿಗೆ ಏನು ಕೊಡಬೇಕು ಎಂಬುದರ ಬಗ್ಗೆ ಮಾತನಾಡಲಿಲ್ಲ. ಭಾಷಣಕ್ಕೆ ಮುಂಚೆ ಬೆಳಿಗ್ಗೆ ಗಾಂಧಿಯ ಗುಡಿಸಲಿನಲ್ಲಿ ಹೋಗಿ ಕೂತಿದ್ದ. ಮರ ಮತ್ತು ಮಣ್ಣಿನಲ್ಲಿ, ಯಂತ್ರವಿಲ್ಲದೆ, ಕೈಯಲ್ಲೇ ಕಟ್ಟಿದ ಆ ಮನೆಯ ಒಂದೊಂದು ಜಾಗವನ್ನೂ ನೋಡಿದ್ದ. ಸಭೆಯಲ್ಲಿ ತಾನು ಅಲ್ಲಿ ಕಂಡದ್ದನ್ನು ಹೇಳಿದ.